ಶೌಚಾಲಯದ ಬಾಗಿಲಿಗೆ ಅಡ್ಡ ನಿಂತ ಆರೋಗ್ಯ ಪಾನೀಯ ಯಂತ್ರಕ್ಕೆ

ಮಾನ್ಯ ಆರೋಗ್ಯ ಪಾನೀಯ ಯಂತ್ರದವರ ಸನ್ನಿಧಿಗೆ,

ಬುಸಾನ್ ನಗರದ ಬೆಟ್ಟದ ಬಡಾವಣೆಗೆ ಹತ್ತಿ ಇಳಿಯುವ ಮೂರನೇ ನಂಬರಿನ ಸಣ್ಣ ಬಸ್ಸಿನ ಚಾಲಕಿ ಪ್ಯೋ ಮಲ್‌ಸುನ್, ವಯಸ್ಸು ಐವತ್ನಾಲ್ಕು, ಸೊಂಟ ಬಗ್ಗಿಸಿ ಮಾಡುವ ವಂದನೆಗಳು. ತಾವು ಕ್ಷೇಮವೆಂದು ತಮ್ಮ ಹೊಟ್ಟೆಯೊಳಗಿನ ದೀಪ ನೋಡಿದರೇ ತಿಳಿಯುತ್ತದೆ. ನಾನು ಅಷ್ಟು ಕ್ಷೇಮವಾಗಿಲ್ಲ, ಆ ವಿಚಾರಕ್ಕೇ ಈ ಪತ್ರ. ತಮಗೆ ಓದಲು ಬರುವುದಿಲ್ಲವೆಂದು ಕೆಲವರು ಚಾಡಿ ಹೇಳಿದ್ದರಿಂದ, ಬಂದು ಹೋಗುವವರೆಲ್ಲ ಓದಲೆಂದು ಇದನ್ನು ತಮ್ಮ ಗಾಜಿನ ಮೇಲೇ ಅಂಟಿಸುತ್ತಿದ್ದೇನೆ.

ವಸಂತದಿಂದೀಚೆಗೆ ನನಗೆ ಎರಡು ಸಲ ಮೂತ್ರಕೋಶದ ಸೋಂಕಾಯಿತು. ಡಾಕ್ಟರಮ್ಮ "ನೀರು ಚೆನ್ನಾಗಿ ಕುಡೀರಿ, ಬಂದಾಗ ತಡ್ಕೋಬೇಡಿ, ಎದ್ದು ಹೋಗಿ" ಎಂದರು. ನಮ್ಮ ಮ್ಯಾನೇಜರ್ ಮಿನ್ ಅವರು ನನ್ನ ರಜೆಚೀಟಿ ಓದಿ ಮನಕರಗಿ, ಆ ಸಲಹೆಯ ಮೊದಲರ್ಧವನ್ನು ವಾರದೊಳಗೇ ಜಾರಿಗೆ ತಂದರು. ತಾವು ಲಾರಿಯಲ್ಲಿ ಬಂದು ಬೆಟ್ಟದ ಮೇಲಿನ ಕೊನೆಯ ನಿಲ್ದಾಣದಲ್ಲಿ ಇಳಿದಿರಿ. ಅಲ್ಲಿ ಖಾಲಿ ಜಾಗ ಇದ್ದದ್ದು ಒಂದೇ, ಚಾಲಕರ ಶೌಚಾಲಯದ ಮುಂದೆ. ಅಂದಿನಿಂದ ಅದರ ಬಾಗಿಲು ಒಂದು ಗೇಣು ಮಾತ್ರ ತೆರೆಯುತ್ತದೆ.

ತಮ್ಮ ಸರಕನ್ನು ದೂರುವಷ್ಟು ಕೃತಘ್ನೆ ನಾನಲ್ಲ. ಕ್ರ್ಯಾನ್‌ಬೆರಿ ಹಣ್ಣಿನ ರಸ ಸೋಂಕು ಮರುಕಳಿಸುವುದನ್ನು ಸ್ವಲ್ಪ ತಡೆಯಬಹುದೆಂದು, ಸಕ್ಕರೆ ಸುರಿದದ್ದು ಬೇಡವೆಂದು ಡಾಕ್ಟರಮ್ಮನೂ ಹೇಳಿದರು. ಮೆಕ್ಕೆಜೋಳದ ತೆನೆಯ ಕೂದಲಿನ ಚಹಾವನ್ನು ನಮ್ಮಮ್ಮ ಇದಕ್ಕೆಂದೇ ಕುದಿಸುತ್ತಿದ್ದಳು, ಹುರಿದ ಬಾರ್ಲಿಯ ನೀರಂತೂ ನಮ್ಮ ಮನೆಯಲ್ಲಿ ನೀರಿಗೇ ಬದಲು. ಆದರೆ ಇಷ್ಟೆಲ್ಲ ಒಳಗೆ ಹೋದದ್ದು ಹೊರಗೂ ಬರಬೇಕೆಂಬ ಸಣ್ಣ ವಿವರ ತಮ್ಮಂಥ ದೊಡ್ಡವರ ಗಮನಕ್ಕೆ ಬಂದಂತಿಲ್ಲ. ನಾನು ಬಸ್ಸಿಳಿದು ಓಡಿ ಬಂದಾಗಲೆಲ್ಲ ತಾವು ಜೇನಿನಂಥ ದನಿಯಲ್ಲಿ "ಗ್ರಾಹಕರೇ, ಇವತ್ತು ಸಾಕಷ್ಟು ನೀರು ಕುಡಿದಿರಾ?" ಎನ್ನುತ್ತೀರಿ. ತೊಡೆ ಬಿಗಿಹಿಡಿದು ನಿಂತವಳನ್ನು ಹೀಗೆ ಕೇಳುವ ಧೈರ್ಯ ಇಡೀ ಬುಸಾನಿನಲ್ಲಿ ಬೇರೆ ಯಾರಿಗೂ ಇಲ್ಲ.

ನನ್ನ ಜೊತೆಯ ಚಾಲಕಿ ಗ್ವಾಕ್ ಯೊನ್‌ಹಿ ಕಡ್ಡಿಯಂತಿದ್ದಾಳೆ. ಅಡ್ಡಡ್ಡ ತಿರುಗಿ, ಉಸಿರು ಕಟ್ಟಿ ಒಳಗೆ ನುಸುಳುತ್ತಾಳೆ. "ಅಕ್ಕಾ, ಚಳಿಗಾಲದವರೆಗೆ ರಾತ್ರಿ ಅನ್ನ ಬಿಟ್ರೆ ನೀನೂ ನುಗ್ತೀಯ ಬಿಡು" ಎಂದು ಸಮಾಧಾನ ಹೇಳಿದಳು. ಹನ್ನೊಂದು ವರ್ಷ ಸೀಟಿನಲ್ಲಿ ಕೂತು ಸಂಪಾದಿಸಿದ ಸೊಂಟ ಒಂದು ಋತುವಿನಲ್ಲಿ ಕರಗುವಂಥದಲ್ಲ. ಮ್ಯಾನೇಜರರನ್ನು ಕೇಳಿದರೆ ಯಂತ್ರ ಪಾನೀಯದ ಕಂಪನಿಯವರದು, ಮುಟ್ಟುವಂತಿಲ್ಲ ಎನ್ನುತ್ತಾರೆ; ಪಾನೀಯದವರನ್ನು ಕೇಳಿದರೆ ನೆಲ ಬಸ್ಸಿನವರದು, ಅವರ ಅಪ್ಪಣೆಯಿಲ್ಲದೆ ಸರಿಸುವಂತಿಲ್ಲ ಎನ್ನುತ್ತಾರೆ. ಹೀಗಾಗಿ ನಾನು ಬೆಳಗ್ಗೆ ಐದರಿಂದ ಮಧ್ಯಾಹ್ನ ಎರಡರವರೆಗಿನ ಪಾಳಿಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟೆ, ಮೊನ್ನೆಯಿಂದ ಮತ್ತೆ ಉರಿ ಶುರುವಾಗಿದೆ. ತಮಾಷೆ ಬಿಟ್ಟು ಹೇಳುವುದಾದರೆ ನನಗೆ ಭಯವಾಗಿದೆ. ಈ ಸಲ ಮೂತ್ರಪಿಂಡಕ್ಕೆ ಏರಿದರೆ ಆಸ್ಪತ್ರೆಯಲ್ಲಿ ಮಲಗಬೇಕಾಗುತ್ತದೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಎಡಕ್ಕೆ ಒಂದು ಮೊಳ ಸರಿಯಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ ನನ್ನ ಸೀಟಿನಲ್ಲಿ ಕೂತು ಒಂದು ಸುತ್ತು ಬಸ್ಸು ಓಡಿಸಿರಿ; ಅಷ್ಟರಲ್ಲಿ ನಾನು ಕೆಳಗಿನ ಮಾರುಕಟ್ಟೆಯ ಶೌಚಾಲಯಕ್ಕೆ ಹೋಗಿ ಬರುತ್ತೇನೆ. ಹತ್ತೊಂಬತ್ತು ತಿರುವುಗಳನ್ನೂ ತಮಗೆ ನಾನೇ ಹೇಳಿಕೊಡುತ್ತೇನೆ. ಎರಡೂ ಆಗದಿದ್ದರೆ ಮೂತ್ರವೇ ಬಾರದಂಥ ಒಂದು ಪಾನೀಯವನ್ನು ಮೇಲಿನ ಸಾಲಿನಲ್ಲಿ ಇಡಿಸಬೇಕಾಗಿ ವಿನಂತಿ.

ಕಾಲಿಗೆ ಕಾಲು ಜೋಡಿಸಿಕೊಂಡೇ ಸಹಿ ಹಾಕುತ್ತಿರುವ,
ತಮ್ಮ ವಿಶ್ವಾಸಿ,
ಪ್ಯೋ ಮಲ್‌ಸುನ್

ಮರೆತ ಮಾತು: ಪತ್ರ ಅಂಟಿಸಿ ತಿರುಗುವಷ್ಟರಲ್ಲಿ ಬಸ್ಸಿನಲ್ಲಿ ಕಾಯುತ್ತಿದ್ದ ಐವರು ಅಜ್ಜಿಯರು ಇಳಿದು ಬಂದು ಪೂರ್ತಿ ಓದಿದರು. "ಅಯ್ಯೋ ಪೆದ್ದಿ, ಇಷ್ಟು ದಿನ ಬಾಯಿ ಬಿಡೋಕೇನಾಗಿತ್ತು ನಿಂಗೆ? ಮಣಭಾರದ ಕಿಮ್ಚಿ ಜಾಡಿ ಹೊತ್ತ ಬೆನ್ನಿದು. ಹಿಡ್ಕೊಳ್ರೇ ಆ ಕಡೆ" ಎಂದು ಅವರಲ್ಲಿ ಹಿರಿಯಾಕೆ ತೋಳೇರಿಸಿದಳು. ತಾವು ಒಂದಲ್ಲ, ಎರಡು ಮೊಳ ಸರಿದಿರಿ. ಪತ್ರವನ್ನು ಕಿತ್ತು ತಂದು ಈ ಸಾಲುಗಳನ್ನು ನಾನು ಆ ಬಾಗಿಲಿನೊಳಗೆ ಕೂತು ಬರೆಯುತ್ತಿದ್ದೇನೆ. ಮ್ಯಾನೇಜರರು ವಿಚಾರಿಸಿದರೆ ತಾವು ತಾವಾಗಿಯೇ ನಡೆದು ಹೋದದ್ದನ್ನು ಕಣ್ಣಾರೆ ಕಂಡೆವೆಂದು ಹೇಳಲು ಐವರೂ ಒಪ್ಪಿದ್ದಾರೆ; ತಾವು ಮಾತು ಬಲ್ಲವರು, ಬೇಕಿದ್ದರೆ ಅಲ್ಲಗಳೆಯಿರಿ.