ದ್ವೀಪದಲ್ಲೂ ನೀರಿನ ಪಾಳಿ

ನಮ್ಮ ಯಜಮಾನರ ಜೊತೆ ಎಲ್ಲಿಗೆ ಹೋದರೂ ಕಾಲುವೆ ಹಿಂದೆಯೇ ಬರುತ್ತದೆ. ರಂಗಂಪೇಟೆಯಲ್ಲಿ ನನ್ನ ತಂಗಿಯ ಮಗಳಿಗೆ ಅಕ್ಷತೆ ಬೀಳುವಾಗ ಇವರು ಅಡುಗೆಮನೆಯ ಹಿಂದೆ ಗಟಾರದ ಇಳಿಜಾರು ನೋಡುತ್ತ ನಿಂತಿದ್ದರು. ಶಹಾಪುರದ ಕಡೆಗೆ ಕಾಲುವೆ ಬಂದಾಗಿನಿಂದ ನಿವೃತ್ತಿಯವರೆಗೆ ಪಾಳಿಯ ಪ್ರಕಾರ ಹೊಲಗಳಿಗೆ ನೀರು ಬಿಡುವುದು ಅವರ ಕೆಲಸ. "ನೀರು ಕಾಲುವಿ ತುದಿಗೆ ಮುಟ್ಟಿಲ್ರಿ" ಎಂದು ಯಾರಾದರೂ ನಮ್ಮ ಕಟ್ಟೆಗೆ ಬಂದು ಕೂರದ ದಿನವಿರಲಿಲ್ಲ.

ನಾನು ಕಾನ್ವೆಂಟಿನಲ್ಲಿ ಕಲಿತವಳು, ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವಳು. ಶಿಸ್ತಿನಿಂದ ಸುಮ್ಮನೆ ಕೂರುವುದನ್ನು ಅವರಿಗೂ ಕಲಿಸೋಣವೆಂದು ಅಂಡಮಾನಿನ ಸಣ್ಣ ದ್ವೀಪವೊಂದರ ಪರಿಸರಸ್ನೇಹಿ ಹೋಟೆಲಿನಲ್ಲಿ ಐದು ದಿನಕ್ಕೆ ಕೋಣೆ ಹಿಡಿದೆ. ದಂಡೆಯ ಮೇಲೆ ಬಿದಿರಿನ ಮನೆಗಳು, ಫೋನಿಲ್ಲ, ಟಿವಿಯಿಲ್ಲ.

"ಮನಸ್ಸು ಹತ್ತಲಿಲ್ಲಂದ್ರ ಮೂರನೇ ದಿನದ ದೋಣಿಗೆ ವಾಪಸ್," ಎಂದು ಕರಾರು ಹಾಕಿದರು. ಐದು ದಿನ ಇರಿಸಿಯೇ ತೀರುತ್ತೇನೆಂದು ನಾನು ಬೀಗರಿಗೆಲ್ಲ ಹೇಳಿ ಬಂದಿದ್ದೆ.

೧. ಶಂಖ

ಎರಡನೇ ದಿನ ಬೆಳಿಗ್ಗೆ ಯಾರೂ ಹಾಸಿಗೆಯ ಚಾದರ ಬದಲಿಸಲಿಲ್ಲ. ಮಧ್ಯಾಹ್ನವೂ ಇಲ್ಲ. ಮ್ಯಾನೇಜರ್ ಕಾರವಾರದ ಹುಡುಗಿ. ಕರೆಸಿ ವಿಚಾರಿಸಿದೆ.

"ಮೇಡಂ, ಹಾಸಿಗೆ ಮೇಲೆ ಶಂಖ ಇಟ್ಟರೆ ಬದಲಿಸೋದು ಬೇಡ ಅಂತ ಅರ್ಥ. ನೀರು ಉಳಿಸ್ಲಿಕ್ಕೆ. ಕೋಣೆಯಲ್ಲಿಟ್ಟ ಕಾರ್ಡಿನಲ್ಲಿ ಬರೆದಿದೆಯಲ್ಲ?"

ಚಾದರದ ಮೂಲೆ ಹಾರದಿರಲೆಂದು ಮೇಜಿನ ಮೇಲಿದ್ದ ಶಂಖವನ್ನು ನಾನೇ ಅಲ್ಲಿ ಇಟ್ಟಿದ್ದೆ. ಕಾರ್ಡನ್ನೂ ಓದಿದ್ದೆ, ಅದರ ಇಂಗ್ಲಿಷಿನ ನಾಲ್ಕು ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿದ್ದೆ ಕೂಡ.

ಯಜಮಾನರು ಕಾರ್ಡನ್ನು ತಿರುಗಿಸಿ ನೋಡಿದರು. "ಕಾನ್ವೆಂಟಿನ್ಯಾಗ ತಿದ್ದೋದಷ್ಟ ಕಲಿಸ್ಯಾರ ಕಾಣಸ್ತದ. ಓದೋದು ಮುಂದಿನ ವರ್ಷ ಇತ್ತೇನು ಬಾಯಾರ?"

೨. ಹತ್ತು ನಿಮಿಷ

ಅವರು ಒಂದು ಕಡೆ ಕುಳಿತಿದ್ದರೆ ಕೇಳಿ. ಸಮುದ್ರ ಏರಿ ಇಳಿಯುವುದನ್ನು ಪುಸ್ತಕದಲ್ಲಿ ಓದಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಮರಳಿನಲ್ಲಿ ಕೋಲು ನೆಟ್ಟು ಗುರುತು ಹಾಕಿದರು. ಸ್ವಾಗತದ ಮೇಜಿನ ಹಿಂದೆ ತೂಗುಹಾಕಿದ್ದ ಉಬ್ಬರವಿಳಿತದ ವೇಳಾಪಟ್ಟಿಯನ್ನು ಕಿತ್ತುಕೊಂಡೇ ಬಂದರು. ಗಡಿಯಾರ ನೋಡುತ್ತ ದಂಡೆಯ ಮೇಲೆ ಹಿಂದೆ ಮುಂದೆ ತಿರುಗಿದರು. ಕೊನೆಗೆ ನೆಟ್ಟಗೆ ಮ್ಯಾನೇಜರ್ ಬಳಿ ಹೋದರು.

"ತಂಗಿ, ನೀರು ಹತ್ತು ನಿಮಿಷ ತಡ ಬಂದಾವ."

"ಸಮುದ್ರ ಅಲ್ವಾ ಅಂಕಲ್, ಒಂಚೂರು ಹೆಚ್ಚುಕಮ್ಮಿ ಆಗ್ತದೆ."

"ಅದು ನನಗೂ ಗೊತ್ತದ. ನೀರು ಬಿಟ್ಟು ರಿಜಿಸ್ಟರ್‌ನ್ಯಾಗ ಸಹಿ ಮಾಡೋರು ಯಾರು, ಅವ್ರನ್ನ ಕರಿ."

೩. ತುದಿ

ಮೂರನೇ ದಿನ ಬಂತು. ಹತ್ತು ಗಂಟೆಗೆ ದೋಣಿ. ಬೆಳಿಗ್ಗೆ ಅಂಗಳದಲ್ಲಿ ಯೋಗ. ನಾನು ಕೊನೆಯ ಸಾಲಿನಲ್ಲಿ ಕುಳಿತೆ, ಯಾರ ಬೆನ್ನು ಬಾಗಿದೆಯೆಂದು ಅಲ್ಲಿಂದ ಕಾಣುತ್ತದೆ. ಯಜಮಾನರು ಹಿತ್ತಲಲ್ಲಿದ್ದರು. ಅಲ್ಲಿ ಸ್ನಾನದ ನೀರು ತೊಟ್ಟಿಯಲ್ಲಿ ನಿಂತು, ಸಣ್ಣ ಕಾಲುವೆಯಲ್ಲಿ ಪಪ್ಪಾಯಿ ಗಿಡಗಳಿಗೆ ಹರಿಯುತ್ತಿತ್ತು. ಅಂಗಳಕ್ಕೆ ತಾಗಿದ್ದ ಕೊನೆಯ ಗಿಡ ಬಾಡಿದ್ದನ್ನು ಅವರು ಹಿಂದಿನ ದಿನವೇ ನೋಡಿದ್ದರು.

"ಕಣ್ಣು ತೆರೆಯಬೇಡಿ," ಎಂದರು ಗುರುಗಳು. ಸ್ವಲ್ಪ ಹೊತ್ತಿಗೆ ನನ್ನ ಕೆಳಗೆ ತಣ್ಣಗಾಯಿತು. ಆಮೇಲೆ ಒದ್ದೆಯಾಯಿತು. ನನಗೆ ಅರವತ್ತು ದಾಟಿದೆ. ಮರ್ಯಾದೆಗೆ ಅಂಜಿ ಅಲುಗಾಡಲಿಲ್ಲ. ಉಳಿದವರೂ ನನ್ನ ವಯಸ್ಸಿನವರೇ, ಅವರೂ ಅಲುಗಾಡಲಿಲ್ಲ. ಅಷ್ಟೊಂದು ಶಿಸ್ತನ್ನು ನಾನು ಯಾವ ವಾರ್ಡಿನಲ್ಲೂ ಕಂಡಿರಲಿಲ್ಲ.

ಅಷ್ಟರಲ್ಲಿ ಹಿತ್ತಲಿನಿಂದ ಕೂಗು ಬಂತು: "ಪಾಳಿ ಮುಗೀತು, ತೊಟ್ಟಿ ಬಾಯಿ ಬಂದ್ ಮಾಡ್ತೀನಿ."

ಕಣ್ಣು ತೆರೆದೆ. ಇಡೀ ಅಂಗಳ ಭತ್ತದ ಗದ್ದೆಯಾಗಿತ್ತು. ಮ್ಯಾನೇಜರ್ ಹಣೆ ಹಿಡಿದುಕೊಂಡು ನಿಂತಿದ್ದಳು. ನಾನೇ ಸೋತೆ. ಸೀರೆ ಹಿಂಡುತ್ತ ಯಜಮಾನರ ಬಳಿ ಹೋಗಿ, "ನಡೀರಿ, ದೋಣಿಗೆ ಹೊತ್ತಾಯಿತು," ಎಂದೆ.

ಅವರು ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿದರು. "ನೀ ಎಲ್ಲಿ ಕುಂತಿದ್ದಿ?"

"ಕೊನೆಯ ಸಾಲಿನಲ್ಲಿ."

"ಪಪ್ಪಾಯಿ ದಾಟಿ? ಅಲ್ಲೀತನ ಬಂತೇನು?"

"ಕಾಣುವುದಿಲ್ಲವೇನ್ರಿ?"

ಅವರು ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕುಳಿತರು. ಆ ಮೂರು ದಿನಗಳಲ್ಲಿ ಅವರು ಸುಮ್ಮನೆ ಕುಳಿತದ್ದು ಅದೇ ಮೊದಲು. ದೋಣಿ ಸೀಟಿ ಹಾಕಿತು, ಅವರು ಏಳಲಿಲ್ಲ.

"ದೋಣಿ ಹೋಗ್ಲಿ ಬಿಡು," ಎಂದರು. "ಇಷ್ಟು ವರ್ಷ ನೌಕರಿ ಮಾಡಿದ್ರೂ ತುದೀತನ ನೀರು ಮುಟ್ಟಿದ್ದು ಇವತ್ತ ಮೊದಲ ನೋಡು."