ಅತ್ತಿಗೆಯ ನೋಟ, ವಾತ್ಯಾರ ಬಿಹೋಲ್ಡ್

ದೇವರ ದಯದಿಂದ ನಮ್ಮ ಮಾರಂಡಹಳ್ಳಿ ಕಡೆ ಮಳೆ ತಪ್ಪಿದರೂ ನಗು ತಪ್ಪುವುದಿಲ್ಲ. ಅತ್ತಿಗೆ ಇದ್ದ ಕಡೆ ವಾರಕ್ಕೊಂದಾದರೂ ನಗುವ ಪ್ರಸಂಗ ಆಗಿಯೇ ಆಗುತ್ತದೆ.

೧

ಮಗ್ಗುಲು ಮನೆಯವರು ಕೆಲಸ ಬಿಟ್ಟು ಬಂದ ಇಂಗ್ಲಿಷ್ ಮೇಷ್ಟ್ರು, ನಮ್ಮ ಬಾಯಲ್ಲಿ ವಾತ್ಯಾರು. ಒಂದು ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕೂತು ‘ಬಿಹೋಲ್ಡ್’ ಎಂಬ ಹಳೇ ಮಾತನ್ನು ಬಿಡಿಸಿ ಹೇಳಿದರು. ನೋಡು ಎಂದರ್ಥವಂತೆ, ಆದರೆ ಸುಮ್ಮನೆ ನೋಡುವುದಲ್ಲ, ನೋಟದಲ್ಲೇ ಹಿಡಿದಿಟ್ಟುಕೊಳ್ಳುವುದು. ಅದರೊಳಗಿನ ‘ಹೋಲ್ಡ್’ ಮೊದಮೊದಲು ದನಕುರಿ ಕಾಯುವವರ ಮಾತಾಗಿರಬೇಕು ಎಂದು ತಿಳಿದವರು ಹೇಳುತ್ತಾರಂತೆ. ದೇವರ ದರ್ಶನವೆಂದರೂ ಇದೇ ಅಲ್ಲವೇ ಎಂದು ನನಗೆ ಮೈ ಜುಮ್ಮೆಂದಿತು.

ಅತ್ತಿಗೆ ತಲೆಮೇಲಿನ ಸೊಪ್ಪಿನ ಹೊರೆ ಇಳಿಸಿ, “ಅಂಗಾರೆ ಇಂಗ್ಲಿಷ್ನೋರೂ ಕುರಿ ಕಾಯ್ದೋರೇನಾ ಸಾರ್? ಮೊದ್ಲೇ ಯೋಳ್ಬಾರ್ದಾ, ಇಷ್ಟು ವರ್ಸ ಇಂಗ್ಲಿಷ್ಗೆ ಸುಮ್ಕೆ ಎದರ್ಕೊಂಡಿದ್ದೆ” ಎಂದರು.

೨

ಕುರಿ ಎಣಿಸಿದರೆ ಮಂದೆ ಕರಗುತ್ತದೆಂದು ನಮ್ಮಲ್ಲಿ ಎಣಿಸುವುದಿಲ್ಲ. ಸಂಜೆ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ಅತ್ತಿಗೆ ಒಮ್ಮೆ ಕಣ್ಣಾಡಿಸುತ್ತಾರೆ, ಅಷ್ಟೇ; ಒಂದು ಕಡಿಮೆಯಾದರೂ ತಿಳಿದುಬಿಡುತ್ತದೆ. ವಾತ್ಯಾರಿಗೆ ನಂಬಿಕೆ ಬರಲಿಲ್ಲ. ತಾವೇ ಎಣಿಸಿದರು. ಮೂರು ಸಲಕ್ಕೆ ಮೂರು ಲೆಕ್ಕ ಬಂತು.

“ಕಡೇ ಸಲ ನಾಯೀನೂ ಸೇರ್ಸ್ಬುಟ್ರಿ ಸಾರ್” ಎಂದರು ಅತ್ತಿಗೆ.

೩

ಒಂದು ಸಂಜೆ ಹಾಗೆ ಕಣ್ಣಾಡಿಸಿದವರೇ ಅತ್ತಿಗೆ ಎದೆ ಹಿಡಿದುಕೊಂಡರು. ಗಬ್ಬದ ಕುರಿ ಇಲ್ಲ. ನಾಳೆಯೋ ನಾಡಿದ್ದೋ ಈಯಬೇಕಾದ್ದು. ಬೆಳಗಾದ ಮೇಲೆ ತಿಳಿಯಿತು: ತೊಪ್ಪೂರು ಕಡೆಯಿಂದ ಬಂದು ಪಕ್ಕದ ಹೊಲದಲ್ಲಿ ತಂಗಿದ್ದ ಮಂದೆಯಲ್ಲಿ ಸೇರಿಕೊಂಡಿದೆ. ನಾವು ಮೂವರೂ ಹೋದೆವು. ಅಲ್ಲಿ ಎಲ್ಲವೂ ಕರಿಮೂತಿಯ ಕುರಿಗಳೇ, ಗಬ್ಬದವೂ ಹತ್ತಾರು. ಒಂದಕ್ಕೂ ಗುರುತಿಲ್ಲ.

ಮಂದೆಯವನು ಒಂದೇ ಮಾತು ಹೇಳಿದ: “ಒಂದ್ ಕುರಿ ಮುಟ್ಟಕ್ಕಾ. ತಪ್ಪಿದ್ರೆ ಬರೀಕೈಲಿ ಓಗ್ಬೇಕು.”

ವಾತ್ಯಾರು ಅಲ್ಲಿ ಬಿಟ್ಟಿದ್ದ ಒಂದು ಜೊತೆಯ ಪಕ್ಕ ತಮ್ಮ ಚಪ್ಪಲಿಯನ್ನೂ ಬಿಟ್ಟು, ಗುಡಿಯೊಳಗೆ ನಿಂತಂತೆ ಕೈಕಟ್ಟಿ ನಿಂತರು. ನಾನು ಮಾದಪ್ಪ ದೇವರನ್ನು ನೆನೆದೆ. ಅತ್ತಿಗೆ ಒಮ್ಮೆ ನೋಡಿದರು. ನೇರ ನಡೆದುಹೋಗಿ ಒಂದರ ಕಿವಿ ಹಿಡಿದರು.

ಮಂದೆಯವನು ನಕ್ಕ. ಆ ಕುರಿ ತನ್ನದಲ್ಲವೆಂದು ಅದು ಬಂದ ಗಳಿಗೆಯಲ್ಲೇ ಅವನಿಗೂ ಗೊತ್ತಾಗಿತ್ತಂತೆ. ಅಕ್ಕನ ಕಣ್ಣು ಎಂಥದ್ದೆಂದು ನೋಡಬೇಕಿತ್ತಂತೆ. ವಾತ್ಯಾರು ಇಬ್ಬರಿಗೂ ಕೈಮುಗಿದರು. ಓದಿ ತಿಳಿದದ್ದನ್ನು ಇವತ್ತು ಕಣ್ಣಾರೆ ಕಂಡೆನೆಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದರು.

ಮಂದೆಯವನು ತನ್ನ ಬರಿಗಾಲು ನೋಡಿಕೊಂಡು ಅತ್ತಿಗೆಗೆ ಮೆಲ್ಲಗೆ ಹೇಳಿದ: “ಕುರಿ ನಿಮ್ದೇ, ಒಡ್ಕೊಂಡೋಗಿ ಅಕ್ಕಾ. ಸಾರ್ ಮೆಟ್ಕೊಂಡೋಯ್ತಿರೋ ಎರಡು ಮಾತ್ರ ನಂದು.”