ಬಿಳಿಕೆರೆಯಲ್ಲಿ ಸುಶೀಲೆ ಸಾಯಲಿಲ್ಲ

ಶನಿವಾರ ಬೆಳಿಗ್ಗೆ ಏಳೂ ಹತ್ತಕ್ಕೆ ಮೈಸೂರಿನ ಬಸ್ಸು ಬಿಳಿಕೆರೆಯಲ್ಲಿ ನಿಂತಿತು. ಅದರಲ್ಲಿ ಬಂದ ವಾರಪತ್ರಿಕೆಯ ಒಂದೇ ಒಂದು ಪ್ರತಿಯಲ್ಲಿ ಗ್ರಾಮಸೇವಕ ನೀಲಕಂಠಸ್ವಾಮಿಯ ಕತೆ ಅಚ್ಚಾಗಿತ್ತು.

ಇಸವಿ ೧೯೫೭. ಅದಕ್ಕೆ ಮೊದಲು ಕಳಿಸಿದ್ದ ಹನ್ನೊಂದು ಕತೆಗಳು ಗಂಡನ ಮೇಲೆ ಮುನಿದ ಮಗಳಂತೆ ತವರಿಗೆ ವಾಪಸಾಗಿದ್ದವು. ಹನ್ನೆರಡನೆಯದು ಅಚ್ಚಾದರೂ ಅವನಿಗೆ ನಂಬಿಕೆ ಬರಲಿಲ್ಲ. ಸಂಪಾದಕರಿಗೆ ಪುಟ ತುಂಬಬೇಕಿತ್ತೇನೋ ಎಂಬ ಅನುಮಾನ. ಕಳಿಸುವಾಗ ಹೆಸರೂ ತನ್ನದು ಹಾಕಿರಲಿಲ್ಲ, ಕಾವ್ಯನಾಮ. ಊರಿನವರು ಕೇಳಿ ಮೆಚ್ಚಿದರೆ ತಾನು ಬರಹಗಾರ. ಇಲ್ಲವೆಂದರೆ ಇನ್ನು ಗೊಬ್ಬರದ ಗುಂಡಿಯ ವರದಿ ಬಿಟ್ಟು ಬೇರೇನೂ ಬರೆಯಬಾರದು ಎಂದು ತೀರ್ಮಾನಿಸಿ, ಶಿವನಂಜಪ್ಪನ ಹೋಟೆಲಿನ ಹಿಂದಿನ ಬೆಂಚಿನಲ್ಲಿ ಕುಳಿತ.

ಆ ಹೋಟೆಲಿನಲ್ಲಿ ಪತ್ರಿಕೆ ಓದುವವನು ಚಾಮಯ್ಯ ಒಬ್ಬನೇ, ಉಳಿದವರೆಲ್ಲ ಕೇಳುವವರು. ಓದಿದ್ದಕ್ಕೆ ಅವನಿಗೆ ಎರಡು ಇಡ್ಲಿ, ಒಂದು ಲೋಟ ಕಾಫಿ ಪುಕ್ಕಟೆ. ಚಾಮಯ್ಯ ಕನ್ನಡಕ ಏರಿಸಿ, ಪುಟ ತಿರುವಿ, ಒಂದು ಚಿತ್ರವನ್ನು ಎಲ್ಲರಿಗೂ ತೋರಿಸಿದ. ಹಾಸಿಗೆ ಹಿಡಿದ ಹೆಂಗಸು, ಪಕ್ಕದಲ್ಲಿ ಔಷಧದ ಬಟ್ಟಲು ಹಿಡಿದ ಮುದುಕಿ. ನೀಲಕಂಠಸ್ವಾಮಿ ಬೆಂಚಿನ ತುದಿಗೆ ಸರಿದು ಕತ್ತು ಚಾಚಿದ. ಅವಳೇ ಅವನ ಸುಶೀಲೆ. ಮೂರು ಪುಟ ಕೆಮ್ಮಿ, ನಾಲ್ಕನೆಯದರಲ್ಲಿ ಸಾಯುವವಳು.

"ಚಿಕ್ಕಸಿದ್ದಮ್ಮ ಅಂತ ಒಬ್ಳು ಸೊಸೆ," ಎಂದು ಚಾಮಯ್ಯ ಶುರುಮಾಡಿದ. "ಕಳೆ ಕೀಳಾಕೆ ಓಗ್ಬೇಕಾಯ್ತದಲ್ಲ ಅಂತ ಕಾಯ್ಲೆ ನೆಪ ಮಾಡ್ಕಂಡು ಮಲಗವ್ಳೆ. ಅತ್ತೆ ಬುಡ್ತಾಳಾ? ಬೇವಿನ ಕಷಾಯ ಕಾಯಿಸ್ಕಂಡು ಬಂದವ್ಳೆ."

ನೀಲಕಂಠಸ್ವಾಮಿ ಕಣ್ಣು ಕಣ್ಣು ಬಿಟ್ಟ. ಅವನ ಕತೆಯಲ್ಲಿ ಕಳೆಯೂ ಇರಲಿಲ್ಲ, ಬೇವೂ ಇರಲಿಲ್ಲ. ಅಷ್ಟರಲ್ಲಿ ಸೊಸೆ ಕಷಾಯವನ್ನು ಹುರುಳಿ ಸಾರಿನ ಮಡಕೆಗೆ ಸುರಿದಿದ್ದಳು. ಉಂಡ ಮಾವ ಚೊಂಬು ಹಿಡಿದು ಕೆರೆಯ ಕಡೆ ಓಡುತ್ತಿದ್ದ. ಹೋಟೆಲಿಗೆ ಹೋಟೆಲೇ ಬಿದ್ದು ಬಿದ್ದು ನಕ್ಕಿತು. ಮುಂದಿನ ಬೆಂಚಿನ ಸಿದ್ದಯ್ಯನಿಗೆ ಕಾಫಿ ಮೂಗಿನಲ್ಲಿ ಬಂತು.

"ಹಾಗಿಲ್ಲ ಅದು," ಎಂದು ನೀಲಕಂಠಸ್ವಾಮಿ ಎದ್ದು ನಿಂತ. "ಅವಳ ಹೆಸರು ಸುಶೀಲೆ. ಸಾಯ್ತಾಳೆ."

"ನಗ್ತಾ ಕುಂತಿರೋ ಒತ್ನಲ್ಲಿ ಯಾರ್ನ ಸಾಯಿಸ್ತೀರಿ ಸ್ವಾಮಿ?" ಎಂದ ಸಿದ್ದಯ್ಯ. "ನಿಮ್ಗೆ ಗೊಬ್ರ ಗೊತ್ತು. ಕತೆ ಏನ್ ಗೊತ್ತು?"

ಗ್ರಾಮಸೇವಕ ಪತ್ರಿಕೆ ಕಿತ್ತುಕೊಂಡು ಓದತೊಡಗಿದ. "ಅಸ್ತಾಚಲಗಾಮಿಯಾದ ದಿನಮಣಿಯ ಕನಕಕಿರಣಗಳು..." ಆ ವಾಕ್ಯ ಮುಗಿಯುವ ಮೊದಲೇ ಸಿದ್ದಯ್ಯನಿಗೆ ಎತ್ತು ಕಟ್ಟದೆ ಬಂದದ್ದು ನೆನಪಾಯಿತು. ಸುಶೀಲೆಯ ಎರಡನೆಯ ಕೆಮ್ಮಿಗೆ ಬೆಂಚುಗಳೆಲ್ಲ ಖಾಲಿ. ಶಿವನಂಜಪ್ಪ ಮಾತ್ರ ಉಳಿದಿದ್ದ. ಹೋಟೆಲು ಅವನದಾದ್ದರಿಂದ ಎದ್ದು ಹೋಗುವ ಹಾಗಿರಲಿಲ್ಲ.

"ಬರ್ದೋನು ಪಸಂದಾಗೇ ಬರ್ದವ್ನೆ ಸ್ವಾಮಿ, ನೀವು ಓದಿ ಕೆಡಿಸ್ಬುಟ್ರಿ," ಎಂದ ಅವನು. "ಯಾಪಾರದ ಒತ್ತು ಕಣ್ರೀ."

ನೀಲಕಂಠಸ್ವಾಮಿ ಹೊರಗೆ ಬಂದು ಹುಣಸೆಮರದ ಕೆಳಗೆ ಚಾಮಯ್ಯನನ್ನು ಹಿಡಿದ. "ಅದು ನಾನು ಬರೆದ ಕತೆ. ಇದ್ದದ್ದು ಇದ್ದ ಹಾಗೆ ಯಾಕಯ್ಯ ಓದಲಿಲ್ಲ?"

ಚಾಮಯ್ಯ ಸುತ್ತ ನೋಡಿ ದನಿ ತಗ್ಗಿಸಿದ. "ಓದಾಕೆ ಬಂದ್ರಲ್ವ ಸ್ವಾಮಿ? ಸುದ್ದೀನ ಬಸ್ ಕಂಡಕ್ಟರು ಯೋಳ್ತಾನೆ. ಕತೇಗೆ ಚಿತ್ರ ನೋಡ್ಕತೀನಿ, ಮಿಕ್ಕಿದ್ದು ಬಾಯ್ಗೆ ಬತ್ತದೆ. ಯಾರ್ಗೂ ಯೋಳ್ಬ್ಯಾಡಿ, ಇಡ್ಲಿ ಓಯ್ತದೆ. ಅದ್ನ ಬರ್ದಿದ್ದು ನೀವು ಅಂತ ನಾನೂ ಯೋಳಾಕಿಲ್ಲ."

ನೀಲಕಂಠಸ್ವಾಮಿಗೆ ಒಂದು ಸಮಾಧಾನ ಸಿಕ್ಕಿತು. ನಕ್ಕವರು ಕೇಳಿದ್ದು ಅವನ ಕತೆಯಲ್ಲ. ಎದ್ದು ಹೋದವರು ಬೇಸತ್ತದ್ದು ಅವನ ಓದಿಗೆ. ಅಂದರೆ ಕತೆಯ ಪರೀಕ್ಷೆ ಇನ್ನೂ ಆಗಿಯೇ ಇಲ್ಲ. ಚಾಮಯ್ಯನ ಬಾಯಿಂದ ತನ್ನ ಅಕ್ಷರಗಳೇ ಹೊರಟರೆ ತಾನು ಗೆದ್ದ ಹಾಗೆ. ವಯಸ್ಕರ ಶಾಲೆ ನಡೆಸುವುದು ಹೇಗೂ ಅವನದೇ ಕೆಲಸ. ಅಂದೇ ಚಾಮಯ್ಯನ ಹೆಸರನ್ನು ರಿಜಿಸ್ಟರಿಗೆ ಹತ್ತಿಸಿದ.

ಆರು ತಿಂಗಳಲ್ಲಿ ಚಾಮಯ್ಯ ತಡವರಿಸದೆ ಓದಲು ಕಲಿತ. ನೀಲಕಂಠಸ್ವಾಮಿಯ ಎರಡನೆಯ ಕತೆ ಅಚ್ಚಾದ ಶನಿವಾರ, ಚಾಮಯ್ಯ ಅದನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಪುಟ ಮಗುಚಿ, ಈ ವಾರ ಕತೆ ಬಂದಿಲ್ಲ ಎಂದು ಹೋಟೆಲಿನವರಿಗೆಲ್ಲ ಹೇಳಿದ.